ಮೊಂಡು ಸೂಜಿ

ಎಷ್ಟು ದಿನ ಬೇಕು ಕಲಿಯೋಕೆ, ಅಂತ ಕೇಳ್ತೀಯಲ್ಲ ಹನಿಯಾ,
ಬಾ, ಕೂತುಕೋ. ಮೊದಲು ಈ ಬಟ್ಟೆಯ ತುದಿ ಹಿಡಿ.
ಸೋಸಿದ ಮದರಂಗಿಯಲ್ಲಿ ಒಂದೇ ಒಂದು ನಾರು ಉಳಿದರೂ
ಸಿರಿಂಜಿನ ಬಾಯಿ ಕಟ್ಟುತ್ತದೆ,
ಅದೂ ಮದುಮಗಳ ಮಣಿಕಟ್ಟಿನ ಮೇಲೆ,
ಎಲ್ಲರೂ ಬಗ್ಗಿ ನೋಡುತ್ತಿರುವಾಗಲೇ.

ಸಾಫಿಯ ಬಂದರಿನಲ್ಲಿ
ಬೂತಾಯಿ ಮೀನಿನ ತಲೆ ಕತ್ತರಿಸುತ್ತಿದ್ದವಳು ನಾನು.
ಡಬ್ಬಿ ಕಾರ್ಖಾನೆ, ನಾಲ್ಕನೇ ಸಾಲು, ಪೆಟ್ಟಿಗೆಗಿಷ್ಟು ಕೂಲಿ.
ಹೆಬ್ಬೆರಳ ಬುಡದಲ್ಲಿ ಕತ್ತರಿ ಕೊರೆದ ಗೆರೆ, ನೋಡು,
ಇದಿನ್ನೂ ಮಾಸಿಲ್ಲ.
ಆ ವಾಸನೆ ಎಂಥದ್ದೆಂದರೆ
ನಿಂಬೆಗೆ ಬಗ್ಗದ್ದು, ಹಬ್ಬಕ್ಕೂ ಬಗ್ಗದ್ದು.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಬರುತ್ತಿತ್ತು.
ಒಳ್ಳೆಯದೇ ಆಯಿತು ಬಿಡು.
ಚೀಲವನ್ನು ಅಲ್ಲಿ ಕೂರಿಸಿ
ಮಂಜು ಹಿಡಿದ ಗಾಜಿನ ಮೇಲೆ ಬಳ್ಳಿ ಎಳೆಯುತ್ತಿದ್ದೆ,
ಇಳಿಯುವ ನಿಲ್ದಾಣ ಎಲೆಗಳ ಸಂದಿಯಲ್ಲಿ ಕಾಣುವವರೆಗೆ.

ಔಷಧದಂಗಡಿಯವನು ಕೇಳಿದ,
ಸಿರಿಂಜು ಯಾಕೆ, ಮನೆಯಲ್ಲಿ ಯಾರಿಗೆ ಕಾಯಿಲೆ?
ನನಗೇ, ಅಂದೆ.
ಸೂಜಿಯ ಮೊನೆಯನ್ನು ಹೊಸಿಲ ಕಲ್ಲಿಗೆ ತಿಕ್ಕಿ ತಿಕ್ಕಿ
ಚುಚ್ಚುವುದನ್ನು ಮರೆಸಿದೆ.
ಬದನೆಕಾಯಿಗೆ ಬಿಡಿಸಿದೆ. ಅಮ್ಮ
ಬಳ್ಳಿ ಸಮೇತ ಸುಟ್ಟು, ಬೆಳ್ಳುಳ್ಳಿ ಜಜ್ಜಿ ಬಡಿಸಿದಳು.
ನನ್ನ ಎಡಗೈಗೆ ಬಿಡಿಸಿದೆ, ಮೊಣಕೈವರೆಗೆ, ಮೊಣಕೈ ದಾಟಿ.
ಬಲಗೈ ಮಾತ್ರ ಬರಿದು.
ಬರೆಯುವ ಕೈಗೆ ಬರೆಯುವವರು ಯಾರು?

ಆಮೇಲೆ ಖದ್ದೂಜ್ ತನ್ನ ಅಂಗೈ ಚಾಚಿದಳು,
ಅವಳ ಬೆನ್ನಿಗೆ ಇಡೀ ನಾಲ್ಕನೇ ಸಾಲು.
ಶನಿವಾರ ರಾತ್ರಿ ಕೂತು ಬಿಡಿಸಿದ್ದು
ಸೋಮವಾರ ಉಪ್ಪುನೀರಿಗೆ ಇಳಿಯುತ್ತಿತ್ತು.
ಗುರುವಾರ ಮಂಕು. ಮರು ಶನಿವಾರಕ್ಕೆ ಎಲ್ಲ ಬೋಳು.
ಮೊದಮೊದಲು ಅತ್ತೆ.
ಆಮೇಲೊಂದು ದಿನ ಲೆಕ್ಕ ಹಾಕಿದೆ:
ಉಳ್ಳವರ ಕೈಯಲ್ಲಿ ಬಣ್ಣ ಮೂರು ವಾರ ಕೂರುತ್ತದೆ,
ಕಲಿಯುವವಳಿಗೆ ಎಷ್ಟೊಂದು ನಷ್ಟ!
ನನಗೋ ವಾರವಾರವೂ ಹದಿನೆಂಟು ಹೊಸ ಹಾಳೆ,
ಸಮುದ್ರವೇ ಒರೆಸಿ ಕೊಟ್ಟದ್ದು, ಪುಕ್ಕಟೆ.

ಲಲ್ಲಾ ತಾಮೂ ಅವರಿಗೆ ಆಗಲೇ ಕಣ್ಣಿಗೆ ಪೊರೆ.
ಒಣಗಿ ಉಬ್ಬಿದ ಗೆರೆಗಳ ಮೇಲೆ ಬೆರಳಾಡಿಸಿ ಓದುತ್ತಿದ್ದರು.
ಇಲ್ಲಿ ಉಸಿರು ಹಿಡಿದಿದ್ದೀಯ.
ಇಲ್ಲೇನು ಇಷ್ಟು ಅವಸರ, ಬಸ್ಸು ತಪ್ಪುತ್ತಿತ್ತೇ?
ಈ ಹೂವು ನಿನ್ನದಲ್ಲ, ಯಾರದೋ ಕದ್ದದ್ದು.
ಎರಡು ವರ್ಷ ಬೈಸಿಕೊಂಡೆ.
ಒಂದು ಸಂಜೆ ಬೆರಳು ತುದಿಯಿಂದ ತುದಿಗೆ ಹೋಗಿ
ಸುಮ್ಮನೆ ಹಿಂದಿರುಗಿತು.
ಚಹಾ ಕುಡಿ, ಅಂದರು. ಅಷ್ಟೇ.

ಮೊದಲ ಮದುಮಗಳ ಮನೆಯಲ್ಲಿ
ಅವಳ ಸೋದರತ್ತೆಗೆ ನನ್ನ ಮೀನು ತಿಳಿದುಹೋಯಿತು.
ಬೆಳ್ಳಿ ಹೂಜಿ ತಂದು ಕಿತ್ತಳೆ ಹೂವಿನ ನೀರನ್ನು
ನನ್ನೆರಡೂ ಕೈಗೆ ಸುರಿದಳು, ಮುಖ ಆಚೆ ತಿರುಗಿಸಿ.
ನೆಂಟರಿಗೆ ಮಾಡುವ ಮರ್ಯಾದೆಯೆಂದೇ ತೆಗೆದುಕೊಂಡೆ ನಾನು,
ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಂದೆ.
ಆರು ಗಂಟೆ, ಎರಡು ಕೈ, ಎರಡು ಪಾದ.
ಬೆನ್ನು ನನ್ನದಾಗಿರಲಿಲ್ಲ.
ಎದ್ದಾಗ ಕೊಟ್ಟ ದುಡ್ಡು
ಹನ್ನೊಂದು ದಿನದ ಮೀನಿನ ತಲೆಗಳಿಗೆ ಸಮ.
ಬೆಳಿಗ್ಗೆ ಹೋಗಿ ಕತ್ತರಿ, ಮುಂಗಟ್ಟು, ರಬ್ಬರು ಬೂಟು
ಒಪ್ಪಿಸಿ ರುಜು ಹಾಕಿದೆ.

ಈಗ ಬಸ್ಸಿನಲ್ಲಿ ಪಕ್ಕಕ್ಕೇ ಬಂದು ಕೂರುತ್ತಾರೆ,
ಲವಂಗದ ಘಮ ಎಲ್ಲಿಂದ ಅನ್ನುತ್ತಾರೆ.
ಶನಿವಾರ ಮಾತ್ರ ನಾನು ಯಾರ ಮದುವೆಗೂ ಸಿಗುವುದಿಲ್ಲ,
ಖದ್ದೂಜಳ ಮನೆಯ ಚಾಪೆಯ ಮೇಲೆ
ನಾಲ್ಕನೇ ಸಾಲು ಕಾಯುತ್ತಿರುತ್ತದೆ.

ಎಷ್ಟು ದಿನ ಅಂತ ಹೇಳಲಿ ಹನಿಯಾ?
ತಗೋ, ಸಿರಿಂಜು. ತಗೋ ನನ್ನ ಬಲಗೈ,
ಇಷ್ಟು ವರ್ಷ ಬಿಳಿ ಬಿಟ್ಟದ್ದು.
ನಡುಗುತ್ತಿದೆಯಾ? ನಡುಗಲಿ.
ಆದರೆ ನೆನಪಿರಲಿ,
ನನ್ನ ಕೈಗಳಿಗೀಗ ಉಪ್ಪುನೀರಿಲ್ಲ.
ನೀನು ಎಳೆದ ಸೊಟ್ಟಂಬಟ್ಟ ಬಳ್ಳಿಯನ್ನು ಹೊತ್ತು
ಊರಿಗೆಲ್ಲ ತೋರಿಸುತ್ತ
ಮೂರು ವಾರ ತಿರುಗಬೇಕಾದವಳು ನಾನು.
ಉಸಿರು ಬಿಡು ಮೊದಲು.
ಹೂಂ, ಎಳೆ.