ಬೋಲ್ಟನ್ನಿನ ತಂಗಿಗೆ, ಅವಳಿಗೆ ಬಾರದ ಅಕ್ಷರದಲ್ಲಿ

ಕೇಸರ್,
ಇದನ್ನು ನೀನು ಓದಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಕ್ಷರದಲ್ಲಿ ಬರೆದದ್ದೆಲ್ಲ ಸುಖಸಮಾಚಾರ:
ಮಿಲ್ಲು ನಡೀತಿದೆ, ಹಾಸನದಲ್ಲಿ ಚಳಿ,
ಅತ್ತೆಯ ಕೆಮ್ಮು ವಾಸಿ.
ನಲವತ್ತು ವರ್ಷದ ನೀಲಿ ಕಾಗದಗಳಲ್ಲಿ
ಹೊಡೆದುಹಾಕಿದ ಒಂದು ಪದವೂ ಇಲ್ಲ.

ಒಂದೇ ಚಪ್ಪರದಡಿ ಇಬ್ಬರ ಮದುವೆ.
ನೀನು ಹಡಗು ಹತ್ತಿದೆ. ನಿನ್ನದು ಪರದೇಶವೆಂದು
ಊರೇ ಬಂದು ಹಾರ ಹಾಕಿ ಅತ್ತಿತು.
ನನ್ನದು ದೇಶವೇ ಅಲ್ಲವೇ ಅಂದರು,
ಥೇಪ್ಲಾ ಕಟ್ಟಿಕೊಟ್ಟು ಕಳಿಸಿದರು.
ಮೊಂಬಾಸಾದಲ್ಲಿ ನಿನ್ನ ಇಳಿಸಿಕೊಳ್ಳಲು ನಮ್ಮವರು ನೂರು ಜನ.
ಅರಸೀಕೆರೆಯಲ್ಲಿ ಗಾಡಿ ಬದಲಿಸುವಾಗ ನನಗೆ
ನೀರೆಲ್ಲಿ ಎಂದು ಕೇಳಲು ಬಾಯಿರಲಿಲ್ಲ.

ಮೊದಲು ಕಲಿತದ್ದು ಅಂಕಿ.
ದಿಮ್ಮಿಯ ಬುಡಕ್ಕೆ ಸೀಮೆಸುಣ್ಣದಲ್ಲಿ
ರೈಟರು ಚೆಲುವಯ್ಯ ಬರೆದದ್ದು ನೋಡಿದರೆ
೨, ೩, ೪
ಅರೆ, ಇವು ನಮ್ಮವೇ!
ಒಂದು ಮಾತ್ರ ಬೇರೆ. ನಮ್ಮದಕ್ಕೆ ಬಾಲ,
ಇವರದು ಬಾಯಿ ಕೂಡದ ಬಳೆ.
ಒಂದನ್ನು ಬಿಟ್ಟು ಎಣಿಸುವುದಾದರೆ
ನಾನು ಬಂದ ದಿನದಿಂದ ಇಲ್ಲಿಯವಳೇ.

ನಗಬೇಡ. ಮಿಲ್ಲಿನ ಬೋರ್ಡು ಓದಿ
ಆಲೂರಿನ ಗೌಡರೊಬ್ಬರು ಕೇಳಿದರು:
‘ಪಟೇಲರೇ, ಯಾವೂರ ಪಟೇಲಿಕೆ ನಿಮ್ಮದು?’
ನಿನ್ನ ಭಾವ ಇನ್ನೂ ಉತ್ತರ ಹುಡುಕುತ್ತಿದ್ದಾರೆ.

ಇಲ್ಲೊಬ್ಬಳು ದೇವಿ, ಹಾಸನಾಂಬೆ.
ವರ್ಷಕ್ಕೊಮ್ಮೆ, ನಮ್ಮ ಲೆಕ್ಕದ ಪುಸ್ತಕಕ್ಕೆ
ಪೂಜೆ ಮಾಡುವ ಹೊತ್ತಿಗೇ, ಬಾಗಿಲು ತೆಗೆಯುತ್ತಾರೆ.
ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದಂತೆ,
ಹೂವು ಬಾಡಿರುವುದಿಲ್ಲವಂತೆ.
ಸಾಲಿನಲ್ಲಿ ನಿಂತಾಗಲೆಲ್ಲ ಊರಿನ ಮನೆ ನೆನಪಾಗುತ್ತಿತ್ತು.
ಮೂರು ವರ್ಷಕ್ಕೊಮ್ಮೆ ಹೋಗಿ ಬೀಗ ತೆಗೆದರೆ
ಪಾರಿವಾಳದ ಹಿಕ್ಕೆ, ಬಿರುಕುಬಿಟ್ಟ ಮಡಕೆ.
ನಾವು ಹಚ್ಚಿಟ್ಟು ಬಂದದ್ದು ಯಾವುದೂ ಉರಿದಿರಲಿಲ್ಲ, ಕೇಸರ್.

ಈಗ ಹೇಳಬೇಕಾದದ್ದು.

ಆ ಜನವರಿ ಇಪ್ಪತ್ತಾರು.
ಮೊಮ್ಮಕ್ಕಳು ಬಾವುಟ ಹಾರಿಸಲು ಶಾಲೆಗೆ ಹೋಗಿದ್ದರು.
ನಾನೂ ಸಣ್ಣತಾಯಮ್ಮನೂ ಹಿತ್ತಿಲ ಬಿಸಿಲಲ್ಲಿ
ರಾತ್ರಿ ನೆನೆಸಿದ ಅವರೆ ಹಿತುಕುತ್ತಾ ಕೂತಿದ್ದೆವು.
ಬೆರಳು ಒತ್ತಿದರೆ ಪುಳಕ್ಕನೆ ಕಾಳು ಈಚೆ, ಸಿಪ್ಪೆ ಆಚೆ.
ಕಾಳಿಗೆ ವಾಲ್ ಅನ್ನೋಣ,
ಅದರ ಸೊಗಡಿಗೆ ನಮ್ಮಲ್ಲಿ ಏನನ್ನೋಣ?
ಅವರೆಯ ಕಾಲದಲ್ಲಿ ಕೈ ತೊಳೆದರೂ ಹೋಗುವುದಿಲ್ಲ ಅದು,
ರಿಸೀವರಿಗೂ ಅಂಟಿತ್ತು
ಮಧ್ಯಾಹ್ನ ನಿನ್ನ ಫೋನು ಬಂದಾಗ.

‘ಆಪಣು ಘರ್ ಗಯು’ ಅಂದೆ.
ನಮ್ಮ ಮನೆ ಹೋಯಿತು.

ತಲೆಯೆತ್ತಿ ನೋಡಿದೆ. ಗೋಡೆ ನಿಂತಿತ್ತು.
ಗೋಡೆಯ ಮೇಲೆ ಸೊಸೈಟಿಯ ಕ್ಯಾಲೆಂಡರು,
ಅದರ ಮೇಲೆ ಮರದ ಹೊಟ್ಟಿನ ಧೂಳು,
ಒಲೆಯ ಮೇಲೆ ಸಾರು ಇನ್ನೇನು ಉಕ್ಕುವುದರಲ್ಲಿತ್ತು.
‘ಇಲ್ವಲ್ಲ, ಇದೆಯಲ್ಲ’ ಅಂದುಬಿಟ್ಟೆ,
ಕನ್ನಡದಲ್ಲಿ.
ಲೈನು ಕೆಟ್ಟಿದೆ ಅಂದುಕೊಂಡೆ ನೀನು.
ಹಲೋ, ಹಲೋ ಎಂದು ಕೂಗಿದೆ.
ನಾನು ಮೊದಲು ಹೋಗಿ ಸಾರು ಇಳಿಸಿ ಬಂದೆ,
ಆಮೇಲೆ ಅತ್ತೆ, ನಮ್ಮ ಭಾಷೆಯಲ್ಲಿ, ನಿನ್ನಷ್ಟೇ ಜೋರಾಗಿ.
ಗೋಡೆಯಡಿ ಸಿಕ್ಕ ಜೀವೀ ಕಾಕಿಗೆ ಅತ್ತದ್ದು ನಿಜ.
ಮನೆಗೆ ಅತ್ತದ್ದು ಸುಳ್ಳು.

ಆ ರಾತ್ರಿ ಎಲ್ಲರೂ ಉಪವಾಸ.
ಸಾರನ್ನು ಸಣ್ಣತಾಯಮ್ಮನ ಮನೆಗೆ ಕಳಿಸಿದೆವು.
ಒಂದು ಬಟ್ಟಲು ಎತ್ತಿಟ್ಟುಕೊಂಡಿದ್ದೆ.
ಇದನ್ನು ನಿನ್ನ ಭಾವನಿಗೂ ಹೇಳಿಲ್ಲ.

ಕವರಿನ ಮೇಲಿನ ವಿಳಾಸ ಮೊಮ್ಮಗಳು ಬರೆದಿದ್ದಾಳೆ.
ಒಳಗೆ ಹುಡುಕು, ನಿನಗೆ ಮೂರು ಗುರುತು ಸಿಕ್ಕಾವು.
ಮಿಕ್ಕದ್ದನ್ನು ಬಳ್ಳಿ ಅಂದುಕೋ, ಇಲ್ಲ ರಂಗೋಲಿ.
ಓದಿಸಲು ಯಾರನ್ನೂ ಹುಡುಕಬೇಡ.

ಬರುವುದಾದರೆ ಡಿಸೆಂಬರಿನಲ್ಲಿ ಬಾ.
ಅವರೆ ಬಂದಿರುತ್ತೆ.