ನೆಲಮಾಳಿಗೆ ಸಂಖ್ಯೆ ನಲವತ್ತೊಂದು

ಪುರಸಭೆಯಿಂದ ಬಂದವನು ನಾನು.
ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ನಮೂನೆಗಳ ಕಟ್ಟು.
ಊರ ಬುಡದ ಕಮರಿಯಲ್ಲಿ ಎಷ್ಟು ನೆಲಮಾಳಿಗೆ,
ಯಾರವು, ಯಾವ ಕಾಲದವು, ಒಳಗೇನಿದೆ,
ಬರೆದುಕೊಂಡು ಬಾ ಎಂದು ಕಳಿಸಿದ್ದಾರೆ.

ದಾರಿ ತೋರಲು ಸೆತ್ತೀಮಿಯಾ ಮುಂದೆ.
ಏಳನೆಯವಳು ಎಂದರ್ಥ ಆ ಹೆಸರಿಗೆ.
ಆರರವರೆಗೆ ಸಂತರ ಹೆಸರು ಹುಡುಕಿದ ಅಪ್ಪ
ಏಳಕ್ಕೆ ಬರುವಷ್ಟರಲ್ಲಿ ದಣಿದಿರಬೇಕು
ಎಂದುಕೊಳ್ಳುತ್ತೇನೆ.
ಎಂಬತ್ತು ತುಂಬಿದೆ. ಗಂಡನ ಬೂಟು ಹಾಕಿದ್ದಾಳೆ
ತುದಿಗೆ ಹಳೇ ಪತ್ರಿಕೆ ತುರುಕಿ.
"ಇಪ್ಪತ್ತೇ ನಿಮಿಷ" ಅನ್ನುತ್ತಾಳೆ.

ಮೊದಲು ರೋಮನ್ನರ ರಸ್ತೆ.
ಕರಿಗಲ್ಲ ಹಾಸು, ಆಮೆಗಳು ಒತ್ತೊತ್ತಾಗಿ ಮಲಗಿದ ಹಾಗೆ.
ನಡುವೆ ಗಾಡಿಚಕ್ರ ಕೊರೆದ ಎರಡು ಗೀರು.
ನಿನ್ನೆಯ ಮಳೆ ಆ ಗೀರಿನಲ್ಲೇ ನಿಂತು
ಚೆಸ್ಟ್‌ನಟ್‌ನ ಮುಳ್ಳುಸಿಪ್ಪೆಗಳನ್ನು ತೇಲಿಸುತ್ತಿದೆ,
ಎಲ್ಲಿಗೋ ಹೊರಟ ಸಣ್ಣ ದಂಡು.

ಸೇತುವೆಯ ಮೇಲೆ ಬಕೀಸಿಯೊನ ಕುರಿಗಳು.
ಸಾರ್ಡೀನಿಯಾದಿಂದ ಬಂದು ಐವತ್ತೆರಡು ವರ್ಷ,
ಊರಿಗೆ ಅವನಿನ್ನೂ 'ಆ ದ್ವೀಪದವ'.
"ರೋಮನ್ನರೂ ಹೊರಗಿನವರೇ" ಎನ್ನುತ್ತಾನೆ
ಕಮಾನಿನ ಕಲ್ಲಿಗೆ ಕೋಲು ಕುಟ್ಟಿ.
"ಸೇತುವೆ ಕಟ್ಟಿದರು ಅಂತ ಸುಮ್ಮನಿದ್ದೀರಿ.
ನಾನು ಮಾಡಿದ ಚೀಸು ಲೆಕ್ಕಕ್ಕಿಲ್ಲ."
ಸೆತ್ತೀಮಿಯಾ ನಗುವುದಿಲ್ಲ.
ಅರ್ಧ ಕಿಲೋ ತೆಗೆದಿಡಲು ಹೇಳಿ ನಡೆಯುತ್ತಾಳೆ.

ಆಮೇಲೆ ಬೆಟ್ಟವನ್ನೇ ಸೀಳಿದ ಓಣಿ.
ಇದು ಎಟ್ರಸ್ಕನ್ನರದು, ರೋಮಿಗೂ ಹಿಂದಿನದು.
ಎರಡೂ ಕಡೆ ಟೂಫಾ ಗೋಡೆ, ಮೂರಾಳು ನಾಲ್ಕಾಳೆತ್ತರ.
ಗುದ್ದಲಿಯ ಏಟು ಒಂದೊಂದೂ ಓರೆಯಾಗಿ ಉಳಿದಿದೆ,
ಎಡಚನೊಬ್ಬ ಕಡಿದಲ್ಲಿ ಮಾತ್ರ
ಓರೆ ಆ ಕಡೆಗೆ ತಿರುಗಿದೆ.
ನಿಲ್ಲುತ್ತೇನೆ.
ಅವನ ಹೆಸರಿಲ್ಲ, ಮನೆಯಿಲ್ಲ, ಭಾಷೆಯೂ ಇಲ್ಲ.
ಎಡಗೈ ಇದೆ.

ತಿರುವಿನಲ್ಲಿ ಬಂಡೆಯ ಮುಖಕ್ಕೆ ಕೆತ್ತಿದ ಬಾಗಿಲು.
ಚೌಕಟ್ಟಿದೆ, ಹೊಸ್ತಿಲಿದೆ,
ತೆರೆಯುವುದಿಲ್ಲ, ತೆರೆಯಲೆಂದು ಕೆತ್ತಿದ್ದೂ ಅಲ್ಲ.
ಸೆತ್ತೀಮಿಯಾ ಹೋಗುತ್ತ ಹೋಗುತ್ತಲೇ
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾಳೆ.
ತಟ್ಟಿ ತಟ್ಟಿ ಅಲ್ಲೊಂದು ಗುಳಿ,
ಅಮ್ಮನದೂ ಸೇರಿ, ಅಜ್ಜಿಯದೂ.
"ಯಾಕೆ?"
"ಒಳಗಿರುವವರಿಗೆ ಗೊತ್ತಿರಲಿ,
ನಾವು ಹಾದುಹೋಗುವವರು, ಉಳಿಯಲು ಬಂದವರಲ್ಲ."

ನಲವತ್ತೊಂದು.
ಹಳೇ ಮಂಚದ ಹಲಗೆಯ ಬಾಗಿಲು, ಒದ್ದರೆ ತೆರೆಯುವ ಬೀಗ.
ಒಳಗೆ ತಂಪು, ಹುಳಿ, ಹೊಸ ವೈನಿನ ಉಸಿರು.
ಎಡಕ್ಕೊಂದು ಬಲಕ್ಕೊಂದು ಕಲ್ಲ ಹಾಸಿಗೆ,
ತಲೆಯ ಕಡೆ ಕಲ್ಲಲ್ಲೇ ಕಡೆದ ದಿಂಬು.
ಎಡದ್ದರ ಮೇಲೆ ಹೊಟ್ಟೆ ಬಿಟ್ಟ ಗಾಜಿನ ಜಾಡಿಗಳು
ಹುಲ್ಲು ಹೊದ್ದು ಕೂತಿವೆ.
ಬಲದ್ದು ಖಾಲಿ. ಗುಡಿಸಿಟ್ಟಿದೆ.

ಟೇಪು ಚಾಚುತ್ತೇನೆ: ಒಂದು ಮೀಟರು ತೊಂಬತ್ತು.
"ಇದರ ಮೇಲೆ ಏನೂ ಇಡುವುದಿಲ್ಲವೇ?"
"ನಲವತ್ತನಾಲ್ಕರ ಜೂನು" ಎನ್ನುತ್ತಾಳೆ, ಲಾಟೀನಿನ ಗಾಜು ಒರೆಸುತ್ತ.
"ಮೇಲೆ ಊರಿಗೆ ಬಾಂಬು. ಅರ್ಧ ಬೀದಿ ಇಲ್ಲಿತ್ತು, ಕತ್ತೆಯೂ.
ಅಮ್ಮನನ್ನು ಅದರ ಮೇಲೆ ಮಲಗಿಸಿದರು.
ಆ ದಿಂಬು ಹಿಡಿದೇ ನನ್ನ ಹೆತ್ತಳು.
ಸದ್ದಡಗಿದ ಮೇಲೆ ಅಪ್ಪ ಕತ್ತಲಲ್ಲಿ
ತಲೆ ಮುಟ್ಟಿ ಮುಟ್ಟಿ ಎಣಿಸಿದ: ಏಳು.
ಅದೇ ಹೆಸರಾಯಿತು."

ಗೋಡೆಯಲ್ಲಿ ಒಂದು ಸಾಲು ಅಕ್ಷರ, ಬಲದಿಂದ ಎಡಕ್ಕೆ.
ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಬಂದು
ಒದ್ದೆ ಕಾಗದ ಒತ್ತಿ ಹೇಳಿದಳಂತೆ: ರಂಥಾ, ಹೆಣ್ಣಿನ ಹೆಸರು.
ಉಳಿದದ್ದು ಓದಬಹುದು, ಅರ್ಥವಾಗುವುದಿಲ್ಲ.
"ಅಷ್ಟು ಸಾಕು. ಮಂಚ ಯಾರದೆಂದು ತಿಳಿಯಿತಲ್ಲ."

ನಮೂನೆ ಬಿಚ್ಚುತ್ತೇನೆ.
ಬಳಕೆ: ವೈನು ದಾಸ್ತಾನು.
ಕಟ್ಟಿದ ವರ್ಷ: ಗೆರೆ ಎಳೆಯುತ್ತೇನೆ.
ಮಾಲೀಕರು,
ಪೆನ್ನು ಅಲ್ಲೇ ನಿಲ್ಲುತ್ತದೆ.
"ನನ್ನ ಹೆಸರೇ ಬರಿ ಮಾರಾಯ,
ತೆರಿಗೆ ಏನು ಅವಳು ಕಟ್ಟುತ್ತಾಳೆಯೇ?"

ವಾಪಸಾಗುವಾಗ ಓಣಿಗೆ ಕತ್ತಲು ಇಳಿದಿದೆ.
ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಅವಳು ಕೊಟ್ಟ ಬಾಟಲಿ.
ಆ ಬಾಗಿಲ ಹತ್ತಿರ ಬಂದಾಗ
ಮೊಣಕೈಯಿಂದ ತಟ್ಟುತ್ತೇನೆ.
"ಎರಡು ಸಲ" ಎನ್ನುತ್ತಾಳೆ
ಹಿಂದೆ ತಿರುಗದೆ.