ಪಂಪು ಸುಮ್ಮನಾಗುವ ತನಕ

ಗಾಸ್ತೋನ್, ಆ ನೀಲಿ ಥಳುಕನ್ನು ಡಬ್ಬಿಯೊಳಗೇ ಇಡು.
ಮಿಯಾಮಿಯಿಂದ ಹಡಗಿನಲ್ಲಿ ಬಂತೆಂದೆ, ಸುಂಕ ಕಟ್ಟಿದೆನೆಂದೆ,
ಸರಿ, ಕನ್ನಡಿಯೆದುರು ಬಾಚಣಿಗೆಯ ಪಕ್ಕ ಇಟ್ಟುಕೋ.
ಇದು ರೈಲಿ. ಐವತ್ತೊಂಬತ್ತನೇ ಇಸವಿಯದು.
ನೀನು ಟ್ರೂಕೋ ಇಸ್ಪೀಟಿನಲ್ಲಿ ಗೆದ್ದದ್ದಿರಬಹುದು,
ಇದರ ಎರಡು ಕಾರ್ಬುರೇಟರುಗಳಿಗೆ ಅದು ಗೊತ್ತಿಲ್ಲ.
ಅವಕ್ಕೆ ಬೇಕಾದದ್ದು ಎರಡೇ ಪೌಂಡಿನ ಒತ್ತಡ, ಗುಟುಕು ಗುಟುಕಾಗಿ,
ಕೂಸಿಗೆ ಒಳಲೆಯಲ್ಲಿ ಹಾಲು ಹುಯ್ದ ಹಾಗೆ.
ನೀನು ತಂದದ್ದು ಬೆಂಕಿ ಆರಿಸುವವರ ಕೊಳವೆ,
ಉಕ್ಕಿನ ಹೆಣಿಗೆ, ಹೆಬ್ಬೆರಳ ದಪ್ಪದ ನಟ್ಟು.
ಮೂಗಿಗಿಂತ ಮೂಗುತಿ ಭಾರ.

ಬಾ, ಈ ಹಿತ್ತಾಳೆ ತುಂಡು ಕೈಗೆ ತೆಗೆದುಕೋ.
ಇನ್ನೊಂದನ್ನೂ. ವ್ಯತ್ಯಾಸ ಹೇಳು.
ಹೇಳಲಾರೆ. ನನಗೂ ಹನ್ನೊಂದು ವರ್ಷ ಹಿಡಿಯಿತು.
ಒಂದು ಇಂಗ್ಲೆಂಡಿನದು, ಇಂಚಿಗೆ ಹತ್ತೊಂಬತ್ತು ಥ್ರೆಡ್ಡು.
ಇನ್ನೊಂದು ಅಮೆರಿಕದ್ದು, ಹದಿನೆಂಟು.
ಪಂಪಿನ ಬಾಯಿಗೆ ಮೊದಲೆರಡು ಸುತ್ತು ಎರಡೂ ಸಲೀಸು.
ಮೂರನೆಯದಕ್ಕೆ ಬಿಗಿಯುತ್ತದೆ. ಕೂತಿತು ಅನ್ನಿಸುತ್ತದೆ.
ಕೂತಿಲ್ಲ. ಕಚ್ಚಿಕೊಂಡಿದೆ, ಅಷ್ಟೆ.
ಪಾನಾ ಹಾಕಿ ಬಲ ಬಿಟ್ಟರೆ ಮಣಿಯುತ್ತದೆ, ಹಿತ್ತಾಳೆಯ ಗುಣ ಅದು,
ಮಣಿದು ಮಣಿದು, ಒಳಗೊಳಗೇ ಹರಿದು,
ಏನೂ ಆಗದವಳ ಹಾಗೆ ನಲವತ್ತು ಕಿಲೋಮೀಟರು ನಗುತ್ತದೆ.
ಆಮೇಲೆ ಒಂದು ಹನಿ.

ಇನ್ನು ಈ ಮುಂದಿನ ಕೀಲುಗಳ ಹನಿ ಎಲ್ಲಿ ಬೀಳುತ್ತದೆ ನೋಡು. ಬಗ್ಗು.
ಇಂಗ್ಲಿಷಿನವರು, ದೇವರು ಅವರನ್ನು ಕ್ಷಮಿಸಲಿ,
ಸೈಲೆನ್ಸರಿಗೆ ಹೋಗುವ ಕೆಂಡದಂಥ ಕೊಳವೆಯ ನೆತ್ತಿಯ ಮೇಲೇ
ಕಾರ್ಬುರೇಟರು ಕೂರಿಸಿದ್ದಾರೆ.
ಉರಿಯುವ ಒಲೆ, ಅದರ ಅಟ್ಟದಲ್ಲಿ ಪೆಟ್ರೋಲಿನ ಬಟ್ಟಲು.
ನನಗೆ ಕೆಲಸ ಕಲಿಸಿದ ದಾರ್ದೋ
ಜನವರಿಯ ಉರಿಬೇಸಗೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತಿದ್ದ.
ಯಾಕೆಂದು ನಾನು ಕೇಳಲಿಲ್ಲ.
ಕೈ ತೊಳೆಯುವಾಗ ಒಮ್ಮೆ ತಾನೇ ಮೇಲೆ ಸರಿಸಿದ.
ಅಷ್ಟೇ ಪಾಠ.

ರಬ್ಬರಿನ ವಿಷಯ.
ನಿನ್ನ ತಾತನ ಕಾಲದ ಪೆಟ್ರೋಲಲ್ಲ ಇದು,
ಬೇಶಾ ಉನಿಯೋನಿನ ಕಬ್ಬಿನ ಸಾರಾಯಿ ಬೆರೆತದ್ದು.
ಹಳೆಯ ರಬ್ಬರು ಕುಡಿದು ಊದುತ್ತದೆ, ಬಿರಿಯುತ್ತದೆ,
ಕರೀ ಪುಡಿ ಉದುರಿಸಿ ಜೆಟ್ಟಿನ ಕಣ್ಣಿಗೆ ಮಣ್ಣೆರಚುತ್ತದೆ.
ಕೊಳವೆಯ ಮೈಮೇಲಿನ ಅಕ್ಷರ ಓದದೆ ಕೊಳ್ಳಬೇಡ.
ಓದಿದ ಮೇಲೂ ಮೂಸು.
ಕ್ಲಿಪ್ಪು, ಅಂಚು ಮಡಿಚಿದ್ದು. ಕೊಯ್ಯುವ ಹಲ್ಲಿನದಲ್ಲ.

ಮೊನ್ನೆ ಭಾನುವಾರ ತ್ರಿಸ್ತಾನ್ ನಾರ್ವಾಹಾ ಸಂತೆಯಲ್ಲಿ
ತುಕ್ಕು ಬೀಗ, ಹಲ್ಲುದುರಿದ ಪಿಯಾನೋ, ಪಂಜರದ ಗಿಳಿಗಳ ನಡುವೆ
ಮಂಡಿಯೂರಿ ಆರಿಸಿದ್ದು ಈ ಬ್ಯಾಂಜೋ ಬೋಲ್ಟು:
ನಡುವೆ ಟೊಳ್ಳು, ಪಕ್ಕೆಯಲ್ಲಿ ತೂತು.
ಅವನು ಎಂಬತ್ತು ಪೆಸೊ ಅಂದ, ನಾನು ಅರವತ್ತು ಅಂದೆ,
"ನಿಬಿಯಾ, ಹೆಂಗಸಿಗೇಕೆ ಇದು" ಅಂದ.
ನೂರರ ನೋಟು ಎಸೆದು ಚಿಲ್ಲರೆ ಕೇಳದೆ ಬಂದೆ.
ಆ ನಲವತ್ತು ಪೆಸೊ ಈಗಲೂ ಹೊಟ್ಟೆ ಉರಿಸುತ್ತದೆ.
ಬೋಲ್ಟು ಹಳೆಯದಿರಲಿ. ಎರಡು ಬದಿಯ
ಕೆಂಪು ಫೈಬರ್ ಬಿಲ್ಲೆ ಮಾತ್ರ ಹೊಸತೇ ಆಗಬೇಕು.
ಒಮ್ಮೆ ಅದುಮಿಸಿಕೊಂಡ ಬಿಲ್ಲೆ
ಮತ್ತೊಂದು ಮುಖದ ಗುರುತು ಹಿಡಿಯುವುದಿಲ್ಲ.

ಸಂಜೆಯಾಯಿತು. ರಿಫೈನರಿಯ ಚಿಮಣಿ ತುದಿಯಲ್ಲಿ ಎಂದಿನ ಜ್ವಾಲೆ,
ಲಾ ತೇಹಾದ ಓಣಿಗಳಿಗೆಲ್ಲ ಒಂದೇ ನಂದಾದೀಪ.
ಮಾಟೆಯ ಬುರುಡೆ ಕೆಳಗಿಡು.
ಕೀಲಿ ತಿರುಗಿಸು, ಸ್ಟಾರ್ಟು ಬೇಡ.
ಡಿಕ್ಕಿಯಲ್ಲಿ ಪಂಪು ಎದ್ದಿತು, ಕೇಳು:
ಟಿಕ್ಕಟಿಕ್ಕಟಿಕ್ಕಟಿಕ್ಕ, ಹಸಿದಿದೆ.
ಟಿಕ್ಕ, ಟಿಕ್ಕ, ಬಟ್ಟಲು ತುಂಬುತ್ತಿದೆ.
ಟಿಕ್ಕ.

ಈಗ ಎಣಿಸು.
ಎಲ್ಲ ಕೀಲೂ ಕೂತಿದ್ದರೆ ಅದಕ್ಕೆ ಕೆಲಸವಿಲ್ಲ, ಮಾತಿಲ್ಲ.
ಇಪ್ಪತ್ತು. ಮೂವತ್ತು.
ಉಸಿರು ಬಿಡಬಹುದು ಗಾಸ್ತೋನ್.
ಮೂವತ್ತೊಂಬತ್ತು.

ಟಿಕ್ಕ.

ಎಲ್ಲೋ ಒಂದು ಕಡೆ, ಕೂದಲೆಳೆಯಷ್ಟು.
ಕೀಲಿ ತೆಗೆ. ಆ ಚಿಕ್ಕ ಪಾನಾ ಕೊಡು.
ಅದಲ್ಲ.
ಇಂಗ್ಲಿಷಿನದು.